‘ಹಣದುಬ್ಬರ ಇಳಿಕೆ’ ಅಂದರೆ ಬೆಲೆ ಇಳಿಯಿತು ಅಂತಲೇ?

ಎಲ್ಲರಿಗೂ ನಮಸ್ಕಾರ.

ಪತ್ರಿಕೆಗಳಲ್ಲಿ ದಿನಾ ಕಾಣುವ ಒಂದು ಮಾತಿನ ಬಗ್ಗೆ ಕೇಳಬೇಕಿತ್ತು. ರಿಸರ್ವ್ ಬ್ಯಾಂಕ್ ರೆಪೊ ದರ (ಬ್ಯಾಂಕುಗಳಿಗೆ ಅದು ಕೊಡುವ ಸಾಲದ ಬಡ್ಡಿ) ತಗ್ಗಿಸಿದಾಗ ‘ಹಣದುಬ್ಬರ ಇಳಿಕೆ’ ಅಂತ ತಲೆಬರಹ ಬರುತ್ತೆ. ಓದಿದವರು ‘ಎಲ್ಲಿ ಸ್ವಾಮಿ ಇಳಿದಿದೆ, ಅಂಗಡೀಲಿ ಎಣ್ಣೆ ರೇಟು ಕೇಳಿ ನೋಡಿ’ ಅಂತ ರೇಗುತ್ತಾರೆ. ರೇಗೋದು ಸರಿಯೇ. 100 ರೂಪಾಯಿಯ ಸಾಮಾನು ಒಂದು ವರ್ಷ ಶೇ 6 ಏರಿ 106 ಆಯಿತು ಅನ್ನಿ. ಮರುವರ್ಷ ಶೇ 4 ಏರಿದರೆ 110 ದಾಟುತ್ತದೆ. ಹಣದುಬ್ಬರ, ಅಂದರೆ ಬೆಲೆ ಏರುವ ವೇಗ, ಇಳಿಯಿತು, ಬೆಲೆ ಇಳಿಯಲಿಲ್ಲ.

‘ಉಬ್ಬರ’ವೇ ದಾರಿ ತಪ್ಪಿಸುತ್ತಿದೆ ಅಂತ ನನ್ನ ಗುಮಾನಿ. ಕಡಲಲ್ಲಿ ಉಬ್ಬರದ ಬೆನ್ನಿಗೇ ಇಳಿತ ಇರುತ್ತದೆ, ಏರಿದ ನೀರು ವಾಪಸ್ ಹೋಗುತ್ತದೆ. ಏರಿದ ಬೆಲೆ ಹೋಗಲ್ಲವಲ್ಲ!

2025ರ ಜೂನ್ ಲೆಕ್ಕ ನೋಡಿ. ಚಿಲ್ಲರೆ (ಅಂಗಡಿ ಬೆಲೆಯ) ಹಣದುಬ್ಬರ ಶೇ 2.1. ಅಂದರೆ ಒಟ್ಟಾರೆ ಬೆಲೆ ಏರಿತ್ತು, ಮೆಲ್ಲಗೆ. ಅದೇ ತಿಂಗಳು ಆಹಾರದ್ದು ಮೈನಸ್ 1.06. ಇದು ಹಿಂದಿನ ವರ್ಷಕ್ಕಿಂತ ನಿಜವಾಗಿ ಅಗ್ಗ. ತರಕಾರಿ, ಬೇಳೆ ಇಳಿದಿದ್ದವು, ಅಡುಗೆ ಎಣ್ಣೆ ಮಾತ್ರ ಸಿಕ್ಕಾಪಟ್ಟೆ ತುಟ್ಟಿ. ಈ ಎರಡು ಸ್ಥಿತಿಗೂ ಒಂದೇ ‘ಇಳಿಕೆ’ ಸಾಕೇ?

ಏರಿಕೆ ನಿಧಾನವಾದರೆ ‘ಬೆಲೆಯೇರಿಕೆಯ ಬಿರುಸು ತಗ್ಗಿದೆ’, ಬೆಲೆಯೇ ಕುಸಿದರೆ ‘ಬೆಲೆಯಿಳಿತ’ ಅನ್ನೋಣವೇ? ಕೆಲವರು ಬರೆಯುವ ‘ಹಣದುಬ್ಬರವಿಳಿತ’ ಎರಡರಲ್ಲಿ ಯಾವುದು ಅಂತ ಹೊಳೆಯುವುದೇ ಇಲ್ಲ.

ಇದನ್ನು ಸುಮ್ನೆ ಕೆದಕುತ್ತಿಲ್ಲ. ಚಿಲ್ಲರೆ ಹಣದುಬ್ಬರ ಅಳೆಯುತ್ತಿದ್ದ 2012ರ ಸರಣಿಯ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ಪಾಲು ಹಳ್ಳಿಗಳಿಗೆ ಶೇ 54, ಪೇಟೆಗಳಿಗೆ ಶೇ 36 ಇತ್ತು. ಆದಾಯ ಕಡಿಮೆಯಾದಷ್ಟೂ ಊಟದ ಖರ್ಚಿನ ಪಾಲು ಜಾಸ್ತಿ. ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆಯಾದರೂ ಇದೆ, ದಿನಗೂಲಿಯವರು ಮೇಸ್ತ್ರಿ ಹತ್ತಿರ ಕೇಳಿಯೇ ಏರಿಸಿಕೊಳ್ಳಬೇಕು. 2024ರ ಜುಲೈನ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆಯಂತೂ, ಆಹಾರ ಬಿಟ್ಟ ಹಣದುಬ್ಬರವನ್ನೇ ರಿಸರ್ವ್ ಬ್ಯಾಂಕಿಗೆ ಗುರಿಯಾಗಿ ಕೊಡುವ ಯೋಚನೆ ಮಾಡಬಹುದು ಎಂದಿತು. ಈಗಿನ ಶೇ 4ರ ಗುರಿಯಲ್ಲಿ ಆಹಾರವೂ ಸೇರಿದೆ. ಅದನ್ನು ಬಿಟ್ಟರೆ ಬಡವರ ಖರ್ಚಿನ ದೊಡ್ಡ ಭಾಗವೇ ಗುರಿಯಿಂದಾಚೆ ಹೋಗುತ್ತದೆ ಅನ್ನುವುದು ವಿರೋಧಿಸುವವರ ವಾದ. ನನಗೂ ಅದೇ ಸರಿ ಕಾಣುತ್ತದೆ. ಬೆಲೆಯೇರಿಕೆ ತಡೆಯಲು ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿದರೆ ಟೊಮೆಟೊ ಬೆಳೆಯಲ್ಲ ಅನ್ನೋ ಎದುರು ವಾದವೂ ನಿಜವೇ ಅನ್ನಿ.

ಇನ್ನೊಂದು ಸಣ್ಣ ತೊಡಕು. ಆಹಾರ, ಇಂಧನ ಬಿಟ್ಟ ಲೆಕ್ಕಕ್ಕೆ ‘ಮೂಲ ಹಣದುಬ್ಬರ’ ಎಂದು ಕೆಲವರು ಬರೆಯುತ್ತಾರೆ. ಊಟವೇ ಇಲ್ಲದ್ದು ‘ಮೂಲ’ ಹೇಗಾಯಿತು? ಅದರ ಪಕ್ಕದಲ್ಲೇ ‘ರೆಪೊ ದರ 50 ಮೂಲಾಂಶ ಕಡಿತ’ ಅಂತಲೂ ಇರುತ್ತೆ, ಅಲ್ಲಿ ಮೂಲಾಂಶ ಅಂದರೆ ಶೇಕಡಾ ಒಂದರ ನೂರನೇ ಒಂದು ಪಾಲು. ‘ಆಹಾರ-ಇಂಧನ ಬಿಟ್ಟ ಹಣದುಬ್ಬರ’ ಉದ್ದವಾಯಿತು, ತಲೆಬರಹಕ್ಕೆ ಹಿಡಿಸಲ್ಲ. ಚಿಕ್ಕದೊಂದು ಯಾರಿಗಾದರೂ ಹೊಳೆಯುತ್ತದೆಯೇ?