‘ಕೆಲಸ ಆದರೆ ಅದೇ ಸತ್ಯ’ ಅಂದರೆ, ಯಾರ ಕೆಲಸ?

ರಾತ್ರಿಪಾಳಿ:
ನಮ್ಮ ಟೀಮಿನಲ್ಲಿ ಒಬ್ಬರಿದ್ದಾರೆ. ಏನೇ ಅಡ್ಡದಾರಿ ಹಿಡಿದರೂ ‘ನಾನು ಪ್ರಾಗ್ಮಾಟಿಕ್ ಕಣ್ರೀ, ಕೆಲಸ ಆದರೆ ಅದೇ ಸತ್ಯ’ ಅನ್ನುತ್ತಾರೆ. ಹೋದ ವಾರ ಪರೀಕ್ಷೆಯನ್ನೇ ಮಾಡದ ಕೆಲಸಕ್ಕೆ ‘ಮುಗಿಯಿತು’ ಅಂತ ಟಿಕ್ ಹಾಕಿ ಮನೆಗೆ ಹೋದರು. ನಾನು ಬೆಳಗಿನ ಜಾವ ಮೂರರವರೆಗೆ ಕೂತೆ. ಕೇಳಿದರೆ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಹೆಸರು ಹೇಳುತ್ತಾರೆ. ಪ್ರಾಗ್ಮಾಟಿಸಂ ಅನ್ನೋ ಆ ತತ್ವ ಇಷ್ಟೇನಾ?

ಹಳೇಮೇಷ್ಟ್ರು:
ಇಷ್ಟೇ ಅಲ್ಲ. ವಿಚಾರದ ‘ನಗದು ಬೆಲೆ’, ಅಂದರೆ ಬದುಕಿನಲ್ಲಿ ಅದರಿಂದಾಗುವ ವ್ಯತ್ಯಾಸ, ಅಂತೆಲ್ಲ ಬರೆದು ಜೇಮ್ಸ್ ಕೂಡ ಸ್ವಲ್ಪ ಗೊಂದಲ ಮಾಡಿಟ್ಟರು ಬಿಡಿ. ಈ ತತ್ವ ಮೊದಲು ಹೇಳಿದ್ದು ಚಾರ್ಲ್ಸ್ ಪರ್ಸ್ ಅನ್ನೋ ಇನ್ನೊಬ್ಬ ತತ್ವಜ್ಞಾನಿ, 1878ರಲ್ಲಿ. ಒಂದು ವಸ್ತು ‘ಗಟ್ಟಿ’ ಅಂದರೆ ಏನರ್ಥ? ಬೇರೆ ವಸ್ತುಗಳಿಂದ ಗೀರಿದರೂ ಗೀರು ಬೀಳಲ್ಲ, ಅಷ್ಟೇ. ಮಾತಿನ ಅರ್ಥ ಅದರ ಪರಿಣಾಮದಲ್ಲಿದೆ. ಈಗ ‘ಮುಗಿಯಿತು’ ಅನ್ನೋದನ್ನ ಹಾಗೇ ನೋಡಿ. ಮುಂದಿನವರು ಅದರ ಮೇಲೆ ಭಾರ ಹಾಕಿದರೆ ಕುಸಿಯಲ್ಲ ಅಂತ ತಾನೇ? ನೀವು ಭಾರ ಹಾಕಿದಿರಿ, ಕುಸಿಯಿತು. ಹಾಗಾದರೆ ಆ ಟಿಕ್ ಸುಳ್ಳು, ಅವರದೇ ತತ್ವದ ಪ್ರಕಾರ! ‘ಪ್ರಾಗ್ಮಾಟಿಸಂ’ ಅನ್ನೋ ಪದವನ್ನು ಜನ ಮನಸ್ಸಿಗೆ ಬಂದಂತೆ ಎಳೆದಾಡೋದು ನೋಡಿ ಪರ್ಸ್ 1905ರಲ್ಲಿ ಅದನ್ನು ‘ಪ್ರಾಗ್ಮಾಟಿಸಿಸಂ’ ಅಂತ ಬದಲಾಯಿಸಿದರು. ಇಷ್ಟು ಕುರೂಪಿ ಪದವನ್ನು ಯಾರೂ ಕದಿಯಲ್ಲ ಅಂದರಂತೆ.

ಅರ್ಧಓದು:
ಇದೇ ತತ್ವದ ಜಾನ್ ಡ್ಯೂಯಿಯನ್ನು ಬಿಟ್ಟರೆ ಹೇಗೆ ಮೇಷ್ಟ್ರೇ? ಇಬ್ಬರ ನಡುವಿನ ವ್ಯವಹಾರದ ಬಿಸಿ ಮೂರನೆಯವರಿಗೆ ತಟ್ಟಿದಾಗಲೇ ‘ಸಾರ್ವಜನಿಕ’ ಅನ್ನೋದು ಹುಟ್ಟುತ್ತದೆ ಅಂತ 1927ರಲ್ಲಿ ಬರೆದರು. ಅವರ ಗೆಳತಿ, ಸಮಾಜ ಸುಧಾರಕಿ ಜೇನ್ ಆಡಮ್ಸ್ ಇದನ್ನು ಕಸದಲ್ಲೇ ಕಂಡವರು. ನಿಮ್ಮ ಮನೆ ಎಷ್ಟೇ ಗುಡಿಸಿ, ಬೀದಿಯ ಕಸ ಕೊಳೆತರೆ ಕಾಯಿಲೆ ನಿಮ್ಮ ಮಗುವಿಗೂ ಬರುತ್ತದೆ. 1895ರಲ್ಲಿ ಶಿಕಾಗೋದ ತಮ್ಮ ವಾರ್ಡಿಗೆ ತಾವೇ ಕಸದ ಇನ್‌ಸ್ಪೆಕ್ಟರ್ ಆಗಿ, ಬೆಳಗ್ಗೆ ಬೇಗ ಎದ್ದು ಗಾಡಿಗಳ ಹಿಂದೆ ಹೋಗುತ್ತಿದ್ದರು. ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡ್ಯೂಯಿ ಶಿಷ್ಯರು. ಪ್ರಜಾಪ್ರಭುತ್ವ ಬರೀ ಸರ್ಕಾರದ ರೂಪವಲ್ಲ, ಕೂಡಿ ಬಾಳುವ ರೀತಿ ಅಂತ ಅವರು 1936ರಲ್ಲಿ ಬರೆದದ್ದರಲ್ಲಿ ಗುರುವಿನ ದನಿ ಕೇಳುತ್ತದೆ.

ಕೊಂಕು:
ಪರಿಣಾಮಕ್ಕೆ ಕೊನೆ ಎಲ್ಲಿ? ಮೂರನೆಯವರು, ನಾಲ್ಕನೆಯವರು... ಹೀಗೆ ಎಣಿಸುತ್ತಾ ಕೂತರೆ ಯಾರೂ ಟಿಕ್ ಹಾಕಲ್ಲ.

ಹಳೇಮೇಷ್ಟ್ರು:
ನ್ಯಾಯವಾದ ಪ್ರಶ್ನೆ. ಎಲ್ಲರನ್ನೂ ಎಣಿಸೋಕಾಗಲ್ಲ, ನಿಜ. ಆದರೆ ಪಕ್ಕದ ಕುರ್ಚಿಯವರನ್ನು ಎಣಿಸಬಹುದು ಅಲ್ವಾ?

ರಾತ್ರಿಪಾಳಿ:
ಇವತ್ತು ‘ಗಟ್ಟಿ’ ಉದಾಹರಣೆ ಅವರಿಗೇ ಹೇಳಿದೆ. ‘ನೀವೇನು ಫಿಲಾಸಫರ್ರಾ?’ ಅಂದರು. ಸಂಜೆ ನೋಡಿದರೆ ಟಿಕ್ ತೆಗೆದು ‘ಅರ್ಧ ಆಗಿದೆ’ ಅಂತ ಬರೆದಿದ್ದರು.