ಗ್ಲೈಡರ್ ಬಾಡಿ ಮಗುಚೋಕೆ ಸ್ಟ್ಯಾಂಡ್, ಯಾರಾದ್ರೂ ಮಾಡಿದ್ದೀರಾ?

ಗಾಳಿಪಟ_77:
ನಮಸ್ಕಾರ. ನಾನಿರೋದು ಜರ್ಮನಿಯಲ್ಲಿ, ಇಂಜಿನ್ ಇಲ್ಲದ ವಿಮಾನ ಹಾರಿಸುವ ಒಂದು ಸಣ್ಣ ಗ್ಲೈಡಿಂಗ್ ಕ್ಲಬ್‌ನಲ್ಲಿದ್ದೇನೆ. ಚಳಿಗಾಲದಲ್ಲಿ ಹಾರಾಟ ಇಲ್ಲ, ಶನಿವಾರ ಬಂತೆಂದರೆ ಎಲ್ಲರೂ ವರ್ಕ್‌ಶಾಪ್‌ನಲ್ಲಿ. ಈ ಸಲ ನಮ್ಮ ಎರಡು ಸೀಟಿನ ಗ್ಲೈಡರ್ ಎಎಸ್‌ಕೆ 21ರ ಹೊಟ್ಟೆ ಕಡೆ, ಚಕ್ರದ ಸುತ್ತ, ಜೆಲ್‌ಕೋಟ್ (ಮೇಲಿನ ಗಟ್ಟಿ ಲೇಪ) ಬಿರುಕು ಬಿಟ್ಟಿದೆ. ಹೋದ ವಾರ ಕೆಳಗೆ ಮಲಗಿ ಉಜ್ಜಿದೆ. ಪುಡಿಯೆಲ್ಲ ಕತ್ತಿನೊಳಗೆ ಇಳಿದು, ಸ್ನಾನ ಮಾಡಿದರೂ ಎರಡು ದಿನ ಮೈ ತುರಿಕೆ. ಮುಂದೆ ರೆಸಿನ್ ಅಂಟು ಹಚ್ಚಿದ ಗ್ಲಾಸ್ ಫೈಬರ್ ಬಟ್ಟೆ ಅಂಟಿಸಬೇಕು, ಅದು ಜೋತುಬಿದ್ದು ಮುಖದ ಮೇಲೇ ಬರುತ್ತೆ. ಬಾಡಿಯನ್ನೇ ಮಗುಚುವ ಸ್ಟ್ಯಾಂಡ್ ಬೇಕು. ರೆಕ್ಕೆ ಸೇರುವ ಜಾಗದಲ್ಲಿ ಅಡ್ಡಲಾಗಿ ಒಂದು ಪೈಪ್ ತೂರಿಸಿ, ಎರಡು ಕಡೆ ಕಂಬ ಕೊಟ್ಟರೆ ಸಾಕಲ್ವಾ?

ಬಡಗಿಶೆಡ್:
ಸಾಲದು. ಅಡ್ಡ ಪೈಪ್ ಹಾಕಿದರೆ ಏತದ ಹಾಗೆ ಮೂಗು ಮೇಲೆ, ಬಾಲ ಕೆಳಗೆ, ಅಷ್ಟೇ ಆಗೋದು. ನಿಮಗೆ ಬೇಕಿರೋದು ಉದ್ದಕ್ಕೆ ಹೊರಳುವುದು. ಪ್ಲೈವುಡ್‌ನಲ್ಲಿ ದೊಡ್ಡ ಬಳೆ ಮಾಡಿ, ಎರಡು ಹೋಳಾಗಿ, ಬೋಲ್ಟ್ ಹಾಕಿ ಕೂಡಿಸುವ ಹಾಗೆ. 18 ಮಿಮೀ ಹಾಳೆ ಎರಡನ್ನು ಅಂಟಿಸಿದರೆ ಗಟ್ಟಿ. ಕೆಳಗೆ ನಾಲ್ಕು ರಬ್ಬರ್ ಚಕ್ರ, ಅದರ ಮೇಲೆ ಬಳೆ ಉರುಳುತ್ತೆ. ಭಾರ ಮಾತ್ರ ರೆಕ್ಕೆ ಸೇರುವ ಜಾಗದಿಂದಲೇ ಬಳೆಗೆ ಹೋಗಲಿ, ಹಾರುವಾಗ ಭಾರ ಹೊರುವುದೂ ಅದೇ ಜಾಗ ತಾನೇ. ಬರೀ ಬಾಡಿಯ ಹೊರಗಿನ ತೆಳು ಪದರಕ್ಕೆ ಬಿಗಿದರೆ ಅದರೊಳಗಿನ ಹಗುರ ಪದರ ಅಮುಕಿಹೋಗುತ್ತೆ. ಹಿಂದೆ, ಫಿನ್‌ಗಿಂತ (ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆ) ಸ್ವಲ್ಪ ಮುಂದೆ, ಚಿಕ್ಕ ಬಳೆ. ಒಳಗೆ ಹಳೆ ಕಾರ್ಪೆಟ್.

ಕಡಲತಡಿ:
ಹಿಂದಿನ ಬಳೆಯ ತೂತನ್ನು ಸುಮ್ನೆ ನಟ್ಟನಡುವೆ ಕೊರೀಬೇಡಿ ಮಾರಾಯ್ರೇ! ಎರಡು ಬಳೆಯ ಕೇಂದ್ರ ಒಂದೇ ಗೆರೆಯಲ್ಲಿ ಬರಬೇಕು, ದಾರ ಕಟ್ಟಿ ನೋಡಿ, ಮತ್ತೆ ಆ ಗೆರೆ ಬಾಡಿಯ ತೂಕದ ಕೇಂದ್ರದಲ್ಲೇ ಹಾಯಬೇಕು, ಬಾಲದ ನಡುಗೆರೆ ಎಲ್ಲಾದರೂ ಇರಲಿ. ಫಿನ್ ಮೇಲಕ್ಕೆ ನಿಂತಿರುತ್ತೆ, ಅದರ ತೂಕವೂ ಲೆಕ್ಕಕ್ಕೆ. ಸರಿ ಕೂತಿದೆಯಾ ಅಂತ ತಿಳಿಯೋದು ಸುಲಭ: ಯಾವ ಓರೆಯಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ತಾನೇ ಉರುಳಿದರೆ ಬಳೆಗೂ ಬಾಡಿಗೂ ನಡುವಿನ ಪ್ಯಾಕಿಂಗ್ ಬದಲಿಸಿ. ತಿರುಗಿಸೋದು ಮುಂದಿನ ಬಳೆ ಹಿಡಿದು ಮಾತ್ರ. ಬಾಲ ಹಿಡಿದು ತಿರುಗಿಸಿದರೆ ಬಾಲದ ಕೊಳವೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತೆ, ಅದಕ್ಕೇ ಹಿಂದಿನ ಬಳೆಗೆ ಲಾಕ್ ಬೇಡ. ಮುಂದಿನದಕ್ಕೆ 45 ಡಿಗ್ರಿಗೊಂದು ತೂತು ಕೊರೆದು ಪಿನ್ ಹಾಕಿ. ಕೆನೊಪಿ (ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ), ಬ್ಯಾಟರಿ, ಸೀಟು ಎಲ್ಲ ಮೊದಲೇ ಹೊರಗೆ. ನಾನು ಒಮ್ಮೆ ಬ್ಯಾಟರಿ ಮರೆತು ಮಗುಚಿದೆ, ಸೀದಾ ನನ್ನ ಕಾಲ ಮೇಲೆ. ಆ ಉಗುರು ಈಗಲೂ ಸೊಟ್ಟ.

ಗಾಳಿಪಟ_77:
ಇಬ್ಬರಿಗೂ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಗೆರೆ ಹಾಕಿ ಅಳೆದೆ. ಟೇಲ್‌ಪ್ಲೇನ್ (ಫಿನ್ ಮೇಲಿನ ಅಡ್ಡ ರೆಕ್ಕೆ) ಬಿಚ್ಚಿದರೂ ಪೂರ್ತಿ ಮಗುಚುವಾಗ ಫಿನ್ ತುದಿ ನೆಲಕ್ಕೆ ತಾಗುತ್ತೆ, ನಾಲ್ಕು ಬೆರಳಷ್ಟು ಎತ್ತರ ಸಾಲದು. ಎತ್ತರಿಸೋಣ ಅಂದರೆ ಮುಂದಿನ ಬಳೆ ಛಾವಣಿಯ ಹೀಟರ್ ಪೈಪ್‌ಗೆ ಬಡಿಯುತ್ತೆ.

ಬಡಗಿಶೆಡ್:
ಪೂರ್ತಿ ಯಾಕೆ ಮಗುಚಬೇಕು? 90 ಡಿಗ್ರಿ ಎಡಕ್ಕೆ, ಒಂದು ಬದಿ ಮುಗಿಸಿ, ಆಮೇಲೆ ಬಲಕ್ಕೆ. ಮಗ್ಗುಲಾಗಿ ಮಲಗಿದರೆ ಹೊಟ್ಟೆ ನಿಮ್ಮ ಎದೆ ಮಟ್ಟಕ್ಕೆ ಬರುತ್ತೆ, ಸ್ಟೂಲ್ ಹಾಕಿ ಕೂತು ಉಜ್ಜಬಹುದು. ಗ್ಲಾಸ್ ಬಟ್ಟೆ ಹಾಕುವಾಗ ಪಿನ್ ಇನ್ನೊಂದು ತೂತು ಮುಂದಕ್ಕೆ, 135 ಡಿಗ್ರಿಗೆ. ಫಿನ್ ಆಗ ಓರೆಯಾಗಿರುತ್ತೆ, ನೆಲ ಮುಟ್ಟಲ್ಲ.