ವೈರ್‌ಲೆಸ್ ಕೀಬೋರ್ಡ್-ಮೌಸ್ ಕಟ್ ಆಗಾಕತ್ತಾವ, ಒತ್ತಕ್ಷರ ಬಿಟ್ಟು ಹೊಂಟಾವ

ಬೆಟಗೇರಿ_ಡಿಟಿಪಿ

ಎಲ್ಲಾರಿಗೂ ನಮಸ್ಕಾರ್ರಿ. ಗದಗ-ಬೆಟಗೇರಿ ಒಳಗ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಡಿಟಿಪಿ ಕೆಲಸ ಮಾಡ್ತೀನಿ. ಲಗ್ನದ ಸೀಸನ್ ನಡದೈತಿ, ದಿನಾ ಏಳೆಂಟು ಪತ್ರಿಕೆ ಕಂಪೋಸ್ ಇರ್ತಾವ. ಒಂದು ತಿಂಗಳಾತ್ರಿ, ವೈರ್‌ಲೆಸ್ ಕೀಬೋರ್ಡು, ಮೌಸು ಎರಡೂ ನಡುನಡುವೆ ಕಟ್ ಆಗ್ತಾವ. ಮೌಸ್ ಪಾಯಿಂಟರ್ ಒಂದೆರಡು ಸೆಕೆಂಡ್ ನಿಂತು, ಆಮ್ಯಾಲೆ ಜಿಗಿದು ಬ್ಯಾರೆ ಕಡೆ ಹೋಗಿ ಕುಂದರ್ತೈತಿ.

ಕೀಬೋರ್ಡಿಂದು ಅದಕಿಂತ ಕೆಟ್ಟ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡ್ತೀನಿ. ಒತ್ತಕ್ಷರಕ್ಕ ನಡುವ ಎಫ್ ಕೀ ಒತ್ತಬೇಕಲ್ರಿ, ಆ ಎಫ್ ಒಂದು ತಪ್ಪಿದ್ರ ಅಕ್ಷತಾರೋಪಣ ಹೋಗಿ ಅಕಷತಾರೋಪಣ ಆಗ್ತೈತಿ, ಲಗ್ನಪತ್ರಿಕೆ ಲಗನಪತರಿಕೆ ಆಗ್ತೈತಿ. ಒಮ್ಮೊಮ್ಮೆ ಇದರ ಉಲ್ಟಾ, ಒಂದ ಅಕ್ಷರ ಹತ್ತು ಸಲ ಸಾಲಾಗಿ ಬೀಳ್ತೈತಿ. ಒತ್ತಕ್ಷರ ಹ್ವಾದ್ರ ಕಣ್ಣಿಗೆ ಬೀಳ್ತೈತಿ, ತಿದ್ದಬಹುದು. ದೀರ್ಘ ಹ್ವಾದ್ರ ಗೊತ್ತಾಗೂದಿಲ್ಲ. ಹ್ವಾದ ವಾರ ಹಂಗ ಒಂದು ದೀರ್ಘ ತಪ್ಪಿದ್ದು ಪ್ರೂಫಿನ್ಯಾಗ ಯಾರಿಗೂ ಕಾಣ್ಲಿಲ್ಲ. ಬೀಗರ ಮನೆತನದ ಹೆಸರ ತಪ್ಪಾಗಿ 300 ಕಾರ್ಡ್ ಅಚ್ಚಾಗಿ ಹ್ವಾದ್ವು. ಎಲ್ಲಾ ಮತ್ತ ಹೊಡದು ಕೊಟ್ವಿ. ಮೊದಲನೇ ಪತ್ರಿಕೆ ದೇವರ ಮುಂದ ಇಟ್ಟು ಪೂಜೆ ಮಾಡ್ತಾರ್ರಿ ಮಂದಿ. ಅದರಾಗ ನನ್ನ ಕೈಯಿಂದ ತಪ್ಪು ಬಂದ್ರ ರಾತ್ರಿ ನಿದ್ದಿ ಹತ್ತೂದಿಲ್ಲ.

ಎರಡು ಸಲ ಸೆಲ್ ಬದಲಿ ಮಾಡೇನಿ. ಸೆಟ್ಟ ಹಾಳಾಗೇತಿ ಅಂತ ಹೊಸಾ ಸೆಟ್ಟೂ ತಂದೆ, ಅದೂ ಮಧ್ಯಾಹ್ನದಾಗ ಹಂಗ ಮಾಡ್ತು. ಬಾಜೂ ಖೋಲ್ಯಾಗ ಆಫ್‌ಸೆಟ್ ಮಷೀನ್ ಐತಿ, ಅದರ ಮೋಟಾರಿಂದ ಆಗಾಕತ್ತೈತೇನೋ ಅಂತ ನನ್ನ ಅನುಮಾನ. ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್, ವಿಂಡೋಸ್ 10. ವೈರಿನ ಕೀಬೋರ್ಡ್ ಹಚ್ಚಂತ ಹೇಳಬ್ಯಾಡ್ರಿ. ಗಿರಾಕಿ ಎದುರಿಗೆ ಕುಂತು ಹೆಸರ ಹೇಳ್ತಾರ, ನಾನು ಅವರ ಮಾರಿ ನೋಡ್ಕೋತ ತೊಡಿ ಮ್ಯಾಲೆ ಕೀಬೋರ್ಡ್ ಇಟ್ಕೊಂಡು ಹೊಡೀತೀನಿ. ಹಂಗ ರೂಢಿ ಆಗೇತಿ.

ಹಾವೇರಿ_ಲೆಕ್ಕಪತ್ರ

ನಮ್ಮ ಅಂಗಡ್ಯಾಗೂ ಹಿಂಗ ಆಗಿತ್ರಿ. ವಿಂಡೋಸ್ ಫಾರ್ಮ್ಯಾಟ್ ಹೊಡಸ್ರಿ, ಸರಿ ಆಗ್ತೈತಿ. ಇಲ್ಲಾಂದ್ರ 11ಕ್ಕ ಹೋಗ್ರಿ.

ಹುಬ್ಬಳ್ಳಿ_ರಿಪೇರಿ

ಅಣ್ಣಾರ, ಫಾರ್ಮ್ಯಾಟ್ ಸದ್ಯಕ್ಕ ಬ್ಯಾಡ್ರಿ. ಸೀಸನ್ ನಡುವ ಫಾಂಟು, ಡಿಸೈನು, ಹಳೇ ಫೈಲು ಎಲ್ಲಾ ತಗದು ಮತ್ತ ಹಾಕ್ಕೋತ ಕುಂತ್ರ ಎರಡು ದಿನ ಹೋಗ್ತಾವ. ಹೊಸಾ ಸೆಟ್ಟೂ ಹಂಗ ಮಾಡ್ತು ಅಂದ್ರಲ್ಲ, ಆ ಒಂದು ಮಾತು ಭಾಳ ಕೆಲಸದ್ದು. ಸೆಲ್ಲು, ಕೀಬೋರ್ಡು ಎರಡೂ ತಪ್ಪಿಲ್ಲ ಅಂತ ಆತು. ತೊಂದರೆ ಕಂಪ್ಯೂಟರ್ ಕಡೆ, ಇಲ್ಲಾ ಎರಡರ ನಡುವಿನ ಗಾಳ್ಯಾಗ ಐತಿ.

ಇದರಾಗ ಎರಡು ಬ್ಯಾರೆ ಬ್ಯಾರೆ ರೋಗ ಅದಾವ್ರಿ, ಮಂದಿ ಎರಡಕ್ಕೂ "ಕಟ್ ಆಗ್ತೈತಿ" ಅಂತ ಒಂದ ಹೆಸರ ಹೇಳ್ತಾರ. ಸ್ವಲ್ಪ ಹೊತ್ತು ಮುಟ್ಟದ ಬಿಟ್ಟು ಬಂದು ಕೈ ಇಟ್ಟಾಗ ಸತ್ತಂಗ ಇದ್ದು ಆಮ್ಯಾಲೆ ಏಳೂದು ಒಂದು. ಭರದಿಂದ ಟೈಪ್ ಮಾಡೂವಾಗನ ನಡುವ ಅಕ್ಷರ ಹೋಗೂದು ಇನ್ನೊಂದು. ಮೊದಲನೇದು ಕಂಪ್ಯೂಟರ್ ಕರೆಂಟ್ ಉಳಸಾಕ ಹೋಗಿ ಮಾಡೂದು. ಎರಡನೇದು ರೇಡಿಯೋ ಗದ್ದಲ. ಔಷಧ ಬ್ಯಾರೆ ಬ್ಯಾರೆ.

ಹಂಗಾಗಿ ಮೊದಲ ಇವನ್ನ ಹೇಳ್ರಿ: ಕೀಬೋರ್ಡ್-ಮೌಸಿನ ಸುದ್ದಿ ಹಿಡಿಯಾಕ ಕಂಪ್ಯೂಟರಿನ ಯುಎಸ್‌ಬಿ ಪೋರ್ಟಿಗೆ ಹಚ್ತೀರಲ್ಲ, ಆ ಸಣ್ಣ ರಿಸೀವರ್ ಎಲ್ಲಿ ಹಚ್ಚೀರಿ, ಹಿಂದೋ ಮುಂದೋ? ಅದರ ಮಗ್ಗಲ ಬ್ಯಾರೆ ಏನೈತಿ? ಕ್ಯಾಬಿನೆಟ್ ಎಲ್ಲಿ ಇಟ್ಟೀರಿ? ಪ್ರೆಸ್ ಮಷೀನ್ ಬಂದ್ ಇದ್ದಾಗ ಆಗ್ತೈತೋ ಇಲ್ಲೋ?

ಬೆಟಗೇರಿ_ಡಿಟಿಪಿ

ಟೇಬಲ್ ಕೆಳಗ ಹೊಕ್ಕು ಟಾರ್ಚ್ ಹಚ್ಚಿ ನೋಡಿ ಬಂದೆ. ರಿಸೀವರ್ ಹಿಂದ ನೀಲಿ ಪೋರ್ಟಿನ್ಯಾಗ ಐತಿ. ಅದರ ಮಗ್ಗಲ ಇನ್ನೊಂದು ನೀಲಿ ಪೋರ್ಟಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಹಳೇ ಪತ್ರಿಕೆ ಎಲ್ಲಾ ಅದರಾಗ ಬ್ಯಾಕಪ್ ಇಡ್ತೀವಿ. ನೆನಪು ಮಾಡ್ಕೊಂಡ್ರ, ಅದನ್ನ ತಂದು ತಿಂಗಳ ಮ್ಯಾಲೆ ಆಗೇತಿ ಅಷ್ಟ. ಕ್ಯಾಬಿನೆಟ್ ಕಬ್ಬಿಣದ ಟೇಬಲ್ ಕೆಳಗ, ಹಿಂಬದಿ ಗ್ವಾಡಿಗೆ ಹತ್ತಿ ಐತಿ.

ಮೋಟಾರಿನ ಅನುಮಾನ ಬಿಡ್ತೀನ್ರಿ. ಐತವಾರ ಮಷೀನ್ ಬಂದ್, ನಾ ಒಬ್ಬವನ ಬಂದು ಬ್ಯಾಕಪ್ ಹಚ್ಚಿ ಕೂತಿದ್ದೆ, ಅವತ್ತ ಎಲ್ಲಾದಕಿಂತ ಜಾಸ್ತಿ ಆತು. ಚಾ ಕುಡದು ಬಂದಾಗ ಮೌಸ್ ಸತ್ತಂಗ ಇರೂದೂ ಐತಿ. ಅಂದ್ರ ನಿಮ್ಮ ಎರಡೂ ರೋಗ ನನಗ ಅದಾವ.

ಹುಬ್ಬಳ್ಳಿ_ರಿಪೇರಿ

ಸಿಕ್ತು ನೋಡ್ರಿ. ಬ್ಯಾಕಪ್ ನಡದಾಗ ಜಾಸ್ತಿ ಆಗ್ತೈತಿ ಅಂದ ಮ್ಯಾಲೆ ಆ ಹಾರ್ಡ್ ಡಿಸ್ಕನ್ನ ಮೊದಲ ಹಿಡೀಬೇಕು.

ಯಾಕ ಅಂತ ಸ್ವಲ್ಪ ಹೇಳ್ತೀನಿ, ತಿಳಕೊಂಡ್ರ ಮುಂದ ನೀವ ಕಂಡುಹಿಡೀತೀರಿ. ನಿಮ್ಮ ರಿಸೀವರ್, ಬ್ಲೂಟೂತ್, ಹಳೇ ನಮೂನಿ ವೈಫೈ ಎಲ್ಲಾ 2.4 ಗಿಗಾಹರ್ಟ್ಸ್ ಅನ್ನೋ ಒಂದ ಪಟ್ಟಿಯಾಗ, 2400ರಿಂದ 2483.5 ಮೆಗಾಹರ್ಟ್ಸ್ ನಡುವ, ಮಾತಾಡ್ತಾವ. ಲೈಸೆನ್ಸ್ ಬೇಕಾಗಿಲ್ಲದ ಜಾಗ, ಹಂಗಾಗಿ ಎಲ್ಲಾರೂ ಅಲ್ಲೇ. ನೀಲಿ ಪೋರ್ಟು ಸಾಮಾನ್ಯವಾಗಿ ಯುಎಸ್‌ಬಿ 3. ಅದು ಸೆಕೆಂಡಿಗೆ 5 ಗಿಗಾಬಿಟ್ ವೇಗದಾಗ ಡೇಟಾ ಸಾಗಸೂವಾಗ ಪೋರ್ಟಿಂದ, ಕೇಬಲ್ಲಿಂದ, ಡಿಸ್ಕಿಂದ ಒಂದು ನಮೂನಿ ರೇಡಿಯೋ ಗದ್ದಲ ಹೊರಗ ಬೀಳ್ತೈತಿ. ಆ ಗದ್ದಲ ಸರಿಯಾಗಿ ಇದ 2.4ರ ಪಟ್ಟಿ ಮ್ಯಾಲೆನ ಹಬ್ಬತೈತಿ. ಇದು ನನ್ನ ಊಹೆ ಅಲ್ರಿ, ಇಂಟೆಲ್‌ನವರ 2012ರಾಗ ಅಳತಿ ಮಾಡಿ ಒಂದು ಲೇಖನ ಪ್ರಕಟ ಮಾಡ್ಯಾರ. ಉಗುರಿನಷ್ಟು ರಿಸೀವರ್ ಅದರ ಮಗ್ಗಲಿಗೆ ಕುಂತೈತಿ. ಡೊಳ್ಳಿನ ಮೇಳದ ನಡುವ ನಿಂತು ಕಿವ್ಯಾಗ ಪಿಸುಮಾತು ಕೇಳಿದಂಗ ಅದರ ಗತಿ. ಮ್ಯಾಲೆ ಕಬ್ಬಿಣದ ಟೇಬಲ್ಲು, ಕಬ್ಬಿಣದ ಕ್ಯಾಬಿನೆಟ್ಟು ಅಡ್ಡ.

ಎಫ್ ಯಾಕ ಹೋಗ್ತೈತಿ ಅಂದ್ರ, ಆ ಕೀ ಒತ್ತಿದ ಸುದ್ದಿ ಗದ್ದಲದಾಗ ಮುಟ್ಟಲಿಲ್ಲ. ಒಂದ ಅಕ್ಷರ ಹತ್ತು ಸಲ ಬೀಳೂದೂ ಅದ ರೋಗನ. ಒತ್ತಿದ್ದು ಮುಟ್ಟಿತು, ಬೆರಳ ಎತ್ತಿದ್ದು ಮುಟ್ಟಲಿಲ್ಲ. ನೀವು ಇನ್ನೂ ಒತ್ತಿ ಹಿಡದೀರಿ ಅಂತ ಕಂಪ್ಯೂಟರ್ ತಿಳಕೋತೈತಿ.

ರೊಕ್ಕ ಖರ್ಚು ಮಾಡೂದಕಿಂತ ಮೊದಲ ಪರೀಕ್ಷಾ ಮಾಡ್ರಿ. ಒಂದು ದೊಡ್ಡ ಫೋಲ್ಡರ್ ಹಾರ್ಡ್ ಡಿಸ್ಕಿಗೆ ಕಾಪಿ ಹಚ್ರಿ. ಅದು ನಡದಾಗ "ಅಕ್ಕ ಲಗ್ನಪತ್ರಿಕೆ ಕೊಟ್ಟಳು" ಅಂತ ಇಪ್ಪತ್ತು ಸಾಲು ಹೊಡೀರಿ, ತಿದ್ದಬ್ಯಾಡ್ರಿ. ಆಮ್ಯಾಲೆ ಡಿಸ್ಕನ್ನ ಸುರಕ್ಷಿತವಾಗಿ ಬಿಚ್ಚಿ ಅದ ಇಪ್ಪತ್ತು ಸಾಲು ಮತ್ತ ಹೊಡೀರಿ. ಎರಡನ್ನೂ ಮಗ್ಗಲ ಮಗ್ಗಲ ಇಟ್ಟು ನೋಡ್ರಿ.

ಬೆಟಗೇರಿ_ಡಿಟಿಪಿ

ಮಾಡಿದೆ. ಕಾಪಿ ನಡದಾಗ ಇಪ್ಪತ್ತರಾಗ ಒಂಬತ್ತು ಸಾಲು ಕೆಟ್ಟಾವ. ಡಿಸ್ಕ್ ಬಿಚ್ಚಿದ ಮ್ಯಾಲೆ ಒಂದೂ ಇಲ್ಲ. ಎರಡು ಸಲ ಮಾಡಿ ನೋಡಿದೆ, ನಂಬಾಕ ಆಗ್ಲಿಲ್ಲ. ಆದ್ರ ಡಿಸ್ಕ್ ಬಿಟ್ಟು ಇರಾಕ ಆಗೂದಿಲ್ರಿ. ಹ್ವಾದ ವರ್ಷದ ಪತ್ರಿಕೆ ತಗೊಂಡು ಬಂದು "ಇದ ನಮೂನಿ ಮಾಡ್ರಿ" ಅಂತಾರ.

ಹುಬ್ಬಳ್ಳಿ_ರಿಪೇರಿ

ಡಿಸ್ಕ್ ಅಲ್ಲೇ ಇರ್ಲಿ, ರಿಸೀವರ್ ಎಬ್ಬಸ್ರಿ. ಯುಎಸ್‌ಬಿ 2ರ ಎಕ್ಸ್‌ಟೆನ್ಶನ್ ಕೇಬಲ್ ಒಂದು ತಗೋರಿ, ಒಂದು ಕಡೆ ಮೇಲ್, ಒಂದು ಕಡೆ ಫಿಮೇಲ್, ಒಂದು ಇಲ್ಲಾ ಒಂದೂವರೆ ಮೀಟರ್. ಅಂಗಡ್ಯಾಗ "ಯುಎಸ್‌ಬಿ 3 ಐತಿ, ಇದು ಚಲೋ" ಅಂತ ಕೊಡಾಕ ನೋಡ್ತಾರ, ಬ್ಯಾಡ ಅನ್ರಿ. ಈ ಕೆಲಸಕ್ಕ 2ರ ಕೇಬಲ್ಲ ಸರಿ. ಹಿಂದಿನ ಕಪ್ಪು ಪೋರ್ಟಿಗೆ, ಹಾರ್ಡ್ ಡಿಸ್ಕಿಂದ ದೂರ ಇದ್ದುದಕ್ಕ ಹಚ್ಚಿ, ಇನ್ನೊಂದು ತುದಿ ಟೇಬಲ್ ಮ್ಯಾಲೆ ತಂದು, ರಿಸೀವರ್ ಕೀಬೋರ್ಡಿಗೆ ಎದುರಾಗಿ ಕಾಣೂವಂಗ ಟೇಪ್ ಹಚ್ಚಿ ಕುಂಡ್ರಸ್ರಿ. ಮಾನಿಟರ್ ಬುಡದಾಗಿನ ಯುಎಸ್‌ಬಿ ಹಬ್ಬಿಗೆ ಮಾತ್ರ ಹಚ್ಚಬ್ಯಾಡ್ರಿ, ಅದೂ 3 ಇರ್ತದ ಭಾಳ ಸಲ. ಡಿಸ್ಕಿನ ಕೇಬಲ್ ಟೇಬಲ್ ಮ್ಯಾಲಿನ ಈ ವೈರಿಗೆ ಸುತ್ತಿ ಬರಬಾರ್ದು.

ಧಾರವಾಡ_ಪಿಜಿ

ಸರ್, ನಡುವೆ ಬಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನದು ಸಪ್ತಾಪುರದ ಪಿಜಿ ರೂಮು, ಡೆಸ್ಕ್‌ಟಾಪ್ ಇದೆ, ಬ್ಲೂಟೂತ್ ಹೆಡ್‌ಫೋನ್. ಕ್ಲಾಸ್ ವಿಡಿಯೋ ಕೇಳುವಾಗ ಎದ್ದು ಕಿಟಕಿ ಕಡೆ ಹೋದರೆ ಸಾಕು, ಕಡಿದು ಹೋಗುತ್ತೆ. ಬರೀ ನಾಲ್ಕು ಹೆಜ್ಜೆ. ಇದಕ್ಕೂ ಯುಎಸ್‌ಬಿಯೇ ಕಾರಣ ಇರಬಹುದಾ? ನನ್ನ ಹತ್ತಿರ ಹಾರ್ಡ್ ಡಿಸ್ಕ್ ಇಲ್ಲ. ಬ್ಲೂಟೂತ್ ಮದರ್‌ಬೋರ್ಡ್‌ನಲ್ಲೇ ಬಂದಿದೆ.

ಹುಬ್ಬಳ್ಳಿ_ರಿಪೇರಿ

ತಂಗೀ, ಕ್ಯಾಬಿನೆಟ್ಟಿನ ಹಿಂದ ಬಂಗಾರದ ಬಣ್ಣದ, ಸ್ಕ್ರೂನಂಗ ಸುರುಳಿ ಗೆರಿ ಇರೋ ಎರಡು ಸಣ್ಣ ಮೊಳೆ ಹಂಗ ಏನಾರ ಅದಾವೇನು ನೋಡವಾ. ಅವಕ್ಕ ಆಂಟೆನಾ ತಿರುವಿ ಹಚ್ಚಬೇಕು. ವೈಫೈಗೂ ಬ್ಲೂಟೂತಿಗೂ ಅವ ಆಂಟೆನಾ. ಮದರ್‌ಬೋರ್ಡ್ ಡಬ್ಬ್ಯಾಗ ಬಂದಿರ್ತಾವ, ಎಷ್ಟೋ ಮಂದಿ ವೈಫೈ ಬ್ಯಾಡ ಅಂತ ಅವನ್ನ ಡಬ್ಬ್ಯಾಗ ಬಿಟ್ಟಿರ್ತಾರ.

ಧಾರವಾಡ_ಪಿಜಿ

ಅಣ್ಣಾ, ಡಬ್ಬಿ ಮಂಚದ ಕೆಳಗಿತ್ತು, ಆಂಟೆನಾ ಪ್ಲಾಸ್ಟಿಕ್ ಸಹ ಬಿಚ್ಚಿರಲಿಲ್ಲ! ಹಚ್ಚಿದೆ. ಈಗ ಕಾರಿಡಾರ್‌ನಲ್ಲಿ ನಿಂತರೂ ಕೇಳಿಸ್ತಾ ಇದೆ. ಎಂಟು ತಿಂಗಳಿಂದ ಹೆಡ್‌ಫೋನೇ ಸರಿ ಇಲ್ಲ ಅಂದುಕೊಂಡಿದ್ದೆ. ತುಂಬಾ ಥ್ಯಾಂಕ್ಸ್.

ಹುಬ್ಬಳ್ಳಿ_ರಿಪೇರಿ

ಚಲೋ ಆತು. ಪಿಜಿ ಅಂದ್ರ ಖೋಲಿಗೊಂದು ರೂಟರ್ ಇರ್ತಾವ, ಎಲ್ಲಾ 2.4ರಾಗ. ನಿಮ್ಮ ವೈಫೈ 5 ಗಿಗಾಹರ್ಟ್ಸ್ ಹೆಸರಿಂದು ಬ್ಯಾರೆ ಕಾಣಸ್ತಿದ್ರ ಕಂಪ್ಯೂಟರ್ ಅದಕ್ಕ ಜೋಡಸು, ಬ್ಲೂಟೂತಿಗೆ ಇನ್ನಷ್ಟು ಜಾಗ ಸಿಗ್ತೈತಿ.

ಬೆಟಗೇರಿ_ಡಿಟಿಪಿ

ಕೇಬಲ್ ಹಚ್ಚಿದೆ. ಹಾರ್ಡ್ ಡಿಸ್ಕ್ ಕಾಪಿ ನಡದಾಗ ಅದ ಇಪ್ಪತ್ತು ಸಾಲು ಹೊಡದೆ. ಇಪ್ಪತ್ತೂ ಸರಿ. ಮತ್ತ ನಲವತ್ತು ಹೊಡದೆ, ಸರಿ. ಒಂದೂ ಒತ್ತಕ್ಷರ ಬಿಟ್ಟಿಲ್ಲ. ನಿಮಗ ಹೆಂಗ ಹೇಳ್ಲಿ ತಿಳೀವಲ್ದು, ಹೊಟ್ಟಿ ತಣ್ಣಗಾತು. ಇನ್ನ ಚಾ ಕುಡದು ಬಂದಾಗಿನ ರೋಗ ಒಂದು ಉಳದೈತಿ. ಮೌಸ್ ಸುಮಾರು ಹೊತ್ತು ಅಲ್ಲಾಡಿಸಿದ್ರೂ ಏಳೂದಿಲ್ಲ, ರಿಸೀವರ್ ಕಿತ್ತು ಹಚ್ಚಬೇಕಾಗ್ತೈತಿ.

ಹುಬ್ಬಳ್ಳಿ_ರಿಪೇರಿ

ಕಿತ್ತು ಹಚ್ಚಿದ್ರ ಏಳ್ತೈತಿ ಅಂದ್ರ ವಿಂಡೋಸ್ ಆ ಪೋರ್ಟನ್ನ ಮಲಗಸಾಕತ್ತೈತಿ. ಎರಡು ಕಡೆ ಬಂದ್ ಮಾಡಬೇಕು. ಸ್ಟಾರ್ಟ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತಗೀರಿ, ಕಡೀಕ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಅಂತ ಐತಿ, ಅದರೊಳಗ ಯುಎಸ್‌ಬಿ ರೂಟ್ ಹಬ್ ಎಷ್ಟ ಇದ್ರೂ ಒಂದೊಂದನ್ನೂ ತಗದು ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿಗೆ ಹೋಗ್ರಿ. ಕರೆಂಟ್ ಉಳಸಾಕ ಈ ಸಾಧನ ಬಂದ್ ಮಾಡಾಕ ಕಂಪ್ಯೂಟರಿಗೆ ಅನುಮತಿ ಕೊಡೂ ಟಿಕ್ ಇರ್ತೈತಿ, ತಗದುಬಿಡ್ರಿ. ಇನ್ನೊಂದು, ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಶನ್ಸ್, ನಿಮ್ಮ ಪ್ಲಾನಿನ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅದರೊಳಗ ಅಡ್ವಾನ್ಸ್ಡ್, ಅಲ್ಲಿ ಯುಎಸ್‌ಬಿ ಸೆಟ್ಟಿಂಗ್ಸ್ ಕೆಳಗ ಸೆಲೆಕ್ಟಿವ್ ಸಸ್ಪೆಂಡ್ ಅಂತ ಐತಿ. ಡಿಸೇಬಲ್ಡ್ ಮಾಡ್ರಿ. ಡೆಸ್ಕ್‌ಟಾಪ್ ಯಾವಾಗಲೂ ಗ್ವಾಡಿ ಕರೆಂಟಿನ ಮ್ಯಾಲೆ ಇರ್ತೈತಿ, ಈ ಉಳಿತಾಯದಿಂದ ನಮಗ ಏನೂ ಲಾಭಿಲ್ಲ.

ಒಂದು ನೆನಪಿಡ್ರಿ. ಕೀಬೋರ್ಡೂ ತನ್ನ ಸೆಲ್ ಉಳಸಾಕ ಮಲಗ್ತೈತಿ, ಅದನ್ನ ಸಾಮಾನ್ಯವಾಗಿ ಬಂದ್ ಮಾಡಾಕ ಬರೂದಿಲ್ಲ. ಭಾಳ ಹೊತ್ತು ಬಿಟ್ಟು ಬಂದಾಗ ಮೊದಲನೇ ಕೀ ಒಮ್ಮೊಮ್ಮೆ ಹಾರಬಹುದು. ಹೆಸರ ಹೊಡಿಯೂದಕಿಂತ ಮೊದಲ ಶಿಫ್ಟ್ ಒಂದು ಸಲ ಒತ್ತಿ ಎಬ್ಬಿಸಿ ಶುರು ಮಾಡ್ರಿ.

ಹಾವೇರಿ_ಲೆಕ್ಕಪತ್ರ

ಮೊದಲ ನಾ ಫಾರ್ಮ್ಯಾಟ್ ಅಂದಿದ್ದೆ, ತಪ್ಪಾತು, ಓದಿ ತಿಳಕೊಂಡೆ. ನಂದೂ ಒಂದು ಕೇಳ್ತೀನಿ. ನಮ್ಮ ಹುಡುಗ ಒಂದ ಕಂಪ್ಯೂಟರಿನ್ಯಾಗ ವಿಂಡೋಸು, ಮತ್ತ ಉಬುಂಟು ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಎರಡೂ ಹಾಕ್ಯಾನ. ಬ್ಲೂಟೂತ್ ಮೌಸ್ ಉಬುಂಟುದಾಗ ಜೋಡಿಸಿದ್ರ ವಿಂಡೋಸಿನ್ಯಾಗ ಹೋಗ್ತೈತಿ, ವಿಂಡೋಸಿನ್ಯಾಗ ಜೋಡಿಸಿದ್ರ ಉಬುಂಟುದಾಗ ಹೋಗ್ತೈತಿ.

ಹುಬ್ಬಳ್ಳಿ_ರಿಪೇರಿ

ಅದು ಗದ್ದಲ ಅಲ್ರಿ, ಕೀಲಿ. ಜೋಡಿ ಮಾಡಿದಾಗೊಮ್ಮೆ ಮೌಸು, ಕಂಪ್ಯೂಟರು ಸೇರಿ ಒಂದು ಹೊಸಾ ಗುಪ್ತ ಕೀಲಿ ಮಾಡ್ಕೋತಾವ. ಎರಡೂ ಸಿಸ್ಟಮಿಗೆ ಬ್ಲೂಟೂತ್ ಚಿಪ್ ಒಂದ, ಹಂಗಾಗಿ ಮೌಸಿಗೆ ಇಬ್ಬರೂ ಒಬ್ಬನ ಅಂತ ಕಾಣ್ತೈತಿ, ಹೊಸಾ ಕೀಲಿ ಇಟ್ಕೊಂಡು ಹಳೇದು ಒಗೀತೈತಿ. ವಿಂಡೋಸಿನ ಕೀಲಿ ತಗದು ಉಬುಂಟುದಾಗ ಬರಿಯೂ ದಾರಿ ಐತಿ, ಹುಡುಗಗ ಬರ್ತಿದ್ರ ಮಾಡ್ಲಿ. ಸುಲಭದ್ದು ಅಂದ್ರ ರಿಸೀವರ್ ಬರೋ ಮೌಸ್. ಅದರ ಜೋಡಿ ರಿಸೀವರಿನೊಳಗ ಇರ್ತೈತಿ, ಯಾವ ಸಿಸ್ಟಮ್ ಹಚ್ಚಿದ್ರೂ ನಡೀತೈತಿ.

ಬೆಟಗೇರಿ_ಡಿಟಿಪಿ

ಆರು ದಿನ ಆತ್ರಿ ಎರಡೂ ಕಡೆ ಬಂದ್ ಮಾಡಿ. ಚಾ ಕುಡದು ಬಂದ್ರ ಮೌಸ್ ಕೈ ಹಚ್ಚಿದ ಕೂಡ್ಲೆ ಏಳ್ತೈತಿ. ನಿನ್ನೆ ಹನ್ನೊಂದು ಪತ್ರಿಕೆ ಕಂಪೋಸ್ ಮಾಡೇನಿ, ಪ್ರೂಫಿನ್ಯಾಗ ತಪ್ಪು ಬಂದಿದ್ದು ಎರಡ, ಅವೂ ಗಿರಾಕಿ ತಾವ ಬರದು ಕೊಟ್ಟಿದ್ದು. ಹಳೇ ಸೆಟ್ಟೂ ತಗದು ಹಚ್ಚಿ ನೋಡಿದೆ, ಛಂದ ನಡೀತೈತಿ. ಅದನ್ನ ನಮ್ಮ ಬಿಲ್ಲಿಂಗ್ ಕಂಪ್ಯೂಟರಿಗೆ ಕೊಟ್ಟೆ. ರಿಸೀವರ್ ಹಚ್ಚಿದ ಪೋರ್ಟಿನ ಮಗ್ಗಲ "ಇಲ್ಲಿ ಹಾರ್ಡ್ ಡಿಸ್ಕ್ ಹಚ್ಚಬಾರದು" ಅಂತ ಸ್ಟಿಕರ್ ಹೊಡದು ಅಂಟಿಸೇನಿ.

ಹುಬ್ಬಳ್ಳಿ_ರಿಪೇರಿ

ಸ್ಟಿಕರ್ ಚಲೋ ಮಾಡಿದ್ರಿ ಅಣ್ಣಾರ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮ್ಯಾಲೆ ಆ ರೂಟ್ ಹಬ್ ಟಿಕ್ ಒಮ್ಮೊಮ್ಮೆ ಮತ್ತ ಬಂದಿರ್ತಾವ, ಮೌಸ್ ಮಲಗಾಕ ಶುರು ಮಾಡಿದ್ರ ಮೊದಲ ಅದನ್ನ ನೋಡ್ರಿ.